ಬೀಜಗಣಿತದ ಭಯ ಮತ್ತು ಒಂದು ರಸಪ್ರಶ್ನೆಯ ಆಟ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಅನುಭಾವಿಗಳು ಮಾತಾಡುತ್ತಾರೆ. ನಾನು ಅನುಭಾವಿಯಲ್ಲ. ಸರ್ಕಾರದ ಕಾಲುವೆ, ರಸ್ತೆ, ಸೇತುವೆಗಳ ಲೆಕ್ಕ ಬರೆದು ನಿವೃತ್ತನಾದ ಒಬ್ಬ ಇಂಜಿನಿಯರ್. ಏನು ಮಾತಾಡಲಿ ಎಂದು ಕೇಳಿದಾಗ ಪೂಜ್ಯರು, "ಭಾನುವಾರ ಹುಡುಗರ ಕೂಡ ಏನೋ ಗಣಿತದ ಆಟ ಆಡಿಸ್ತೀರಂತಲ್ಲ, ಅದನ್ನೇ ಹೇಳಿರಿ" ಎಂದು ಅಪ್ಪಣೆ ಕೊಟ್ಟರು. ಹೀಗಾಗಿ ಇಂದಿನ ವಿಷಯ ಬೀಜಗಣಿತ. ಹಿರಿಯರು ಈಗಲೇ ಎದ್ದು ಹೋಗಬಾರದು ಎಂದು ಪ್ರಾರ್ಥನೆ.

ನಮ್ಮ ಮಠಗಳು ಮಕ್ಕಳಿಗೆ ಅನ್ನ ಕೊಟ್ಟವು, ಮಲಗಲು ಜಾಗ ಕೊಟ್ಟವು, ಶಾಲೆ ಕಟ್ಟಿದವು. ನಮ್ಮಂಥ ಎಷ್ಟೋ ಜನ ಅದರಿಂದಲೇ ಮನುಷ್ಯರಾದೆವು. ಆದರೆ ನಿಲಯದಲ್ಲಿ ಮೂರು ಹೊತ್ತು ಉಂಡು, ಪ್ರಾರ್ಥನೆ ಮಾಡಿ, ಶಿಸ್ತಾಗಿ ಬೆಳೆದ ಹುಡುಗ ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲೇ ಉರುಳಿ, ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗುವುದನ್ನು ನೋಡುತ್ತೇವಲ್ಲ, ಅದರ ಬಗ್ಗೆ ನಾವು ಹೆಚ್ಚು ಮಾತಾಡುವುದಿಲ್ಲ. ಗಾರೆ ಕೆಲಸ ಕೀಳೆಂದು ಹೇಳುತ್ತಿಲ್ಲ, ನನ್ನ ಜೀವನವೆಲ್ಲ ಅವರ ಜೊತೆಯಲ್ಲೇ ಕಳೆದಿದೆ. ತಾನಾಗಿ ಆರಿಸಿಕೊಂಡು ಹೋಗುವುದು ಬೇರೆ, ಬಾಗಿಲು ಮುಚ್ಚಿತೆಂದು ಹೋಗುವುದು ಬೇರೆ.

ಹತ್ತನೆಯ ತರಗತಿಯ ಪುಸ್ತಕ ತೆಗೆದು ನೋಡಿ. ರೇಖಾತ್ಮಕ ಸಮೀಕರಣಗಳ ಜೋಡಿ, ಬಹುಪದೋಕ್ತಿಗಳು, ವರ್ಗ ಸಮೀಕರಣಗಳು, ಸಮಾಂತರ ಶ್ರೇಢಿ. ನೇರವಾಗಿ ಬೀಜಗಣಿತದ್ದೇ ನಾಲ್ಕು ಪಾಠ. ನಿರ್ದೇಶಾಂಕ ರೇಖಾಗಣಿತಕ್ಕೂ ತ್ರಿಕೋನಮಿತಿಗೂ ಅದೇ ಕೈಕೆಲಸ ಬೇಕು. ಕೈಕೆಲಸ ಎಂಬ ಪದವನ್ನು ಬೇಕೆಂದೇ ಬಳಸಿದೆ. ಬಡಗಿಗೆ ಉಳಿ ಹಿಡಿಯುವುದು ಹೇಗೋ, ಬೀಜಗಣಿತದವನಿಗೆ ಆವರಣ ಬಿಡಿಸುವುದು, ಚಿಹ್ನೆ ನೋಡಿಕೊಳ್ಳುವುದು, ಅಪವರ್ತಿಸುವುದು ಹಾಗೆ. ತಿಳಿದರೆ ಸಾಲದು, ಕೈಗೆ ಕೂರಬೇಕು.

ನನ್ನ ಕೈಗೆ ಅದು ಸರಿಯಾಗಿ ಕೂತದ್ದು ಕಾಲೇಜಿನಲ್ಲಲ್ಲ. ನೌಕರಿಗೆ ಸೇರಿದ ಹೊಸತು, ಒಂದು ಸಣ್ಣ ವಿತರಣಾ ಕಾಲುವೆಗೆ ಲೆವೆಲ್ ತೆಗೆಯುತ್ತಿದ್ದೆ. ಸ್ಟಾಫಿನ ಮೇಲೆ ಹಿಂದಿನ ಓದು 1.250, ಮುಂದಿನ ಓದು 1.715. ಅಂದರೆ ನೆಲ 0.465 ಮೀಟರ್ ಇಳಿದಿದೆ. ನಾನು ಅದನ್ನು ಲೆವೆಲ್ ಬುಕ್ಕಿನಲ್ಲಿ ಇಳಿತದ ಕಾಲಮ್ಮಿಗೆ ಬರೆಯುವ ಬದಲು ಏರಿನ ಕಾಲಮ್ಮಿಗೆ ಬರೆದೆ. ಒಂದೇ ಚಿಹ್ನೆ ತಪ್ಪಿತು. ಅಲ್ಲಿಂದ ಮುಂದಿನ ಎಲ್ಲ ಬಿಂದುಗಳೂ ಎರಡು ಪಟ್ಟು, ಅಂದರೆ 0.930 ಮೀಟರ್ ಮೇಲಕ್ಕೆ ಹೋದವು. ಹಾಳೆಯ ಕೊನೆಗೆ ಹಿಂದೋಟಗಳ ಮೊತ್ತದಿಂದ ಮುನ್ನೋಟಗಳ ಮೊತ್ತ ಕಳೆದು, ಏರುಗಳ ಮೊತ್ತದಿಂದ ಇಳಿತಗಳ ಮೊತ್ತ ಕಳೆದು, ಎರಡೂ ಒಂದೇ ಬಂತೋ ಇಲ್ಲವೋ ತಾಳೆ ನೋಡಬೇಕು. ಹೊತ್ತು ಮುಳುಗುತ್ತಿತ್ತು, ನೋಡಲಿಲ್ಲ. ನಕ್ಷೆ ಬರೆದ ಮೇಲೆ ಒಬ್ಬ ಹಳೆಯ ವರ್ಕ್ ಇನ್‌ಸ್ಪೆಕ್ಟರ್, ಏಳನೆಯ ತರಗತಿ ಓದಿದವರು, ಬೆರಳಿಟ್ಟು ಕೇಳಿದರು: "ಸಾಹೇಬ್ರ, ಇಲ್ಲಿ ನೀರು ಏರು ಹತ್ತತಾವೇನ್ರೀ?" ಅವರು ಕೇಳದೆ ಹೋಗಿದ್ದರೆ ಕಾಲುವೆ ತೋಡಿ ಆಗುತ್ತಿತ್ತು. ಕೊನೆಯ ಹೊಲದವರಿಗೆ ನೀರು ಮುಟ್ಟುತ್ತಿರಲಿಲ್ಲ. ಮಕ್ಕಳು "ಚಿಹ್ನೆ ಒಂದು ತಪ್ಪಾತ್ರಿ, ಉಳಿದದ್ದೆಲ್ಲ ಸರಿ ಐತ್ರಿ" ಎಂದಾಗ ನಾನು ಈ ಕಥೆ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದು ಪಾಠ ಹೇಳಲು ಕುಳಿತೆ. ಎರಡು ವಾರ ಹಲಗೆಯ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ಎಲ್ಲರೂ ತಲೆ ಆಡಿಸಿದರು. ಮೂರನೆಯ ವಾರ ಅದೇ ಲೆಕ್ಕ ಕೊಟ್ಟರೆ ಯಾರಿಗೂ ಬರಲಿಲ್ಲ. ನೋಡಿ ಅರ್ಥವಾದಂತೆ ಅನ್ನಿಸುವುದು ಒಂದು ಮೋಸ. ಇದು ನನ್ನ ಊಹೆಯಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ಅಳೆದು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಅದು ಗದ್ಯ, ಬೀಜಗಣಿತವಲ್ಲ, ನಿಜ. ಆದರೆ ನನ್ನ ಮೂರನೆಯ ವಾರಕ್ಕೆ ಅದು ಸರಿಯಾಗಿ ಹೊಂದಿತು. ಪುಸ್ತಕ ಮುಚ್ಚಿಸಿ ಕೇಳಬೇಕು, ಮೇಲಿಂದ ಮೇಲೆ ಕೇಳಬೇಕು. ಪರೀಕ್ಷೆ ಎಂದರೆ ಮಕ್ಕಳು ಹೆದರುತ್ತಾರೆ. ಹಾಗಾಗಿ ಆಟ.

ಇದೇನು ಹೊಸತೂ ಅಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಗ್ರಂಥದ ಒಂದು ಭಾಗದ ಹೆಸರು ಲೀಲಾವತಿ, ಇನ್ನೊಂದರ ಹೆಸರೇ ಬೀಜಗಣಿತ. ಲೀಲಾವತಿಯಲ್ಲಿ ದುಂಬಿಗಳು ಎಷ್ಟು, ಹಾವಿನ ಮೇಲೆ ಎರಗಿದ ನವಿಲು ಅದನ್ನು ಎಲ್ಲಿ ಹಿಡಿಯಿತು ಎಂದು ಒಬ್ಬ ಬಾಲೆಗೆ ಪ್ರಶ್ನೆ ಹಾಕುತ್ತ ಹೋಗುತ್ತಾರೆ. ಅವರ ಊರು ನಮ್ಮ ವಿಜಯಪುರ ಜಿಲ್ಲೆಯದೋ ಮಹಾರಾಷ್ಟ್ರದ್ದೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಅವರಿಗಿಂತ ಐದು ಶತಮಾನ ಮೊದಲು, 628ರಲ್ಲಿ, ಬ್ರಹ್ಮಗುಪ್ತರು ಸೊನ್ನೆಗಿಂತ ಕಡಿಮೆಯ ಸಂಖ್ಯೆಯನ್ನು ಸಾಲದ ಹಾಗೆ, ಹೆಚ್ಚಿನದನ್ನು ಆಸ್ತಿಯ ಹಾಗೆ ಕಂಡು ನಿಯಮ ಬರೆದರು. ನಾವು ಇಂದಿಗೂ ಋಣ ಸಂಖ್ಯೆ, ಧನ ಸಂಖ್ಯೆ ಎನ್ನುತ್ತೇವೆ. ಋಣ ಎಂದರೆ ಸಾಲ ಎಂದು ಯಾವ ಮಗುವಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ! ಮೈನಸ್ 3, ಅದರಿಂದ ಇನ್ನೂ 5 ಕಳೆದರೆ ಎಷ್ಟು ಎಂದು ಕೇಳಿ ನೋಡಿ. ಹತ್ತರಲ್ಲಿ ನಾಲ್ಕು ಮಕ್ಕಳು ಪ್ಲಸ್ 8 ಅನ್ನುತ್ತಾರೆ, "ಮೈನಸ್ ಮೈನಸ್ ಪ್ಲಸ್ ಅಲ್ರೀ?" ಎಂದು ವಾದವನ್ನೂ ಮಾಡುತ್ತಾರೆ. ಅದು ಗುಣಾಕಾರದ ನಿಯಮ. ಕಿರಾಣಿ ಅಂಗಡಿಯಲ್ಲಿ 3 ರೂಪಾಯಿ ಸಾಲ ಇತ್ತು, ಮತ್ತೆ 5 ರೂಪಾಯಿ ಸಾಲ ತಂದೆ, ಈಗ ಅಂಗಡಿಯವನೇ ನಿನಗೆ 8 ರೂಪಾಯಿ ಕೊಡುತ್ತಾನೇನು ಎಂದು ಕೇಳಿದರೆ ನಗುತ್ತಾರೆ. ಆ ನಗೆಯಲ್ಲಿ ಅರ್ಧ ಪಾಠ ಮುಗಿಯುತ್ತದೆ.

ಆಟಕ್ಕೆ ಬರುತ್ತೇನೆ. ಸಾಮಗ್ರಿ ಎಂದರೆ ಹಳೆಯ ಲಗ್ನಪತ್ರಿಕೆಗಳು. ದಪ್ಪ ಕಾಗದ, ಹಿಂಬದಿ ಖಾಲಿ, ಪುಕ್ಕಟೆ. ಒಂದನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಕಾರ್ಡು. ಒಂದೊಂದರ ಮೇಲೂ ಒಂದು ಪ್ರಶ್ನೆ. ನಾಲ್ಕು ಮಕ್ಕಳ ಒಂದು ತಂಡ.

ಮೊದಲ ವರ್ಷ ನಾನು ಇದನ್ನು ಕೆಟ್ಟದಾಗಿ ನಡೆಸಿದೆ. ಟಿ.ವಿ.ಯಲ್ಲಿ ನೋಡಿದ ಹಾಗೆ ಗಂಟೆ ಇಟ್ಟೆ, ಮೊದಲು ಬಾರಿಸಿದವರಿಗೆ ಉತ್ತರಿಸುವ ಹಕ್ಕು. ಎರಡು ತಪ್ಪು ಮಾಡಿದವನು ಆಟದಿಂದ ಹೊರಗೆ. ಬಹಳ ಗದ್ದಲ, ಬಹಳ ಉತ್ಸಾಹ. ನೋಡಿದವರೆಲ್ಲ ಹೊಗಳಿದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮೂರು ಭಾನುವಾರ ಎಲ್ಲರಿಗಿಂತ ಮೊದಲು ಹೊರಗೆ ಹೋದ. ನಾಲ್ಕನೆಯ ಭಾನುವಾರ ಕಾಣಲಿಲ್ಲ, ಐದನೆಯದಕ್ಕೂ ಇಲ್ಲ. ದಾಸೋಹದ ಮನೆಯಲ್ಲಿ ಸೇವೆ ಮಾಡುತ್ತಿದ್ದಾನೆ ಎಂದರು. ಒಳ್ಳೆಯ ಹುಡುಗ ಎಂದುಕೊಂಡು ಸುಮ್ಮನಾದೆ. ಅಡುಗೆಯ ತಾಯಿ ಒಂದು ದಿನ ನನಗೆ ಮಜ್ಜಿಗೆ ಕೊಡುತ್ತ ಹೇಳಿದರು: "ಸರ, ನಿಮ್ಮ ಆಟ ಇದ್ದ ದಿನಾನೇ ಅವ ಬಂದು ತಾನಾಗೇ ಪಾತ್ರೆ ತಿಕ್ಕತಾನ್ರಿ. ಬ್ಯಾರೆ ದಿನ ಕರದ್ರೂ ಬರೂದಿಲ್ಲ."

ಆ ಮಜ್ಜಿಗೆ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಹೋಗಿ ಲೆಕ್ಕ ಹಾಕಿದೆ. ಒಂದೂವರೆ ಗಂಟೆಯ ಆಟದಲ್ಲಿ ಚೆನ್ನಾಗಿ ಬರುವವನು ಕೊನೆಯತನಕ ಆಡುತ್ತಾನೆ, ಅವನಿಗೆ ಅಭ್ಯಾಸ ಹೆಚ್ಚು. ಬರದವನು ಹತ್ತು ನಿಮಿಷದಲ್ಲಿ ಹೊರಗೆ, ಉಳಿದ ಹೊತ್ತು ಗೋಡೆಗೆ ಒರಗಿ ಕೂರುತ್ತಾನೆ. ಕಾಲುವೆಯ ಮೇಲ್ತುದಿಯವರಿಗೆ ನೀರು ತುಂಬಿ ಹರಿದು, ಕೊನೆಯ ಹೊಲ ಒಣಗುವ ಹಾಗೆ. ನಲವತ್ತು ವರ್ಷದ ಹಿಂದೆ ಮಾಡಲು ಹೊರಟಿದ್ದ ತಪ್ಪನ್ನೇ ಇಲ್ಲಿ ಮಾಡಿ ಮುಗಿಸಿದ್ದೆ.

ನಿಯಮ ಬದಲಾಯಿಸಿದೆವು. ಯಾರೂ ಹೊರಗೆ ಹೋಗುವಂತಿಲ್ಲ. ಗಂಟೆ ತೆಗೆದು ದೇವರ ಮನೆಗೆ ವಾಪಸ್ ಕೊಟ್ಟೆ. ಕಾರ್ಡು ಓದಿದ ಮೇಲೆ ಎರಡು ನಿಮಿಷ, ನಾಲ್ವರೂ ಕೂಡಿ ಬಿಡಿಸಬೇಕು. ಆಮೇಲೆ ಚೀಟಿ ಎತ್ತುತ್ತೇನೆ. ಚೀಟಿಯಲ್ಲಿ ಹೆಸರು ಬಂದವರು ಎದ್ದು ನಿಂತು ಉತ್ತರ ಮಾತ್ರವಲ್ಲ, ಹೇಗೆ ಬಂತು ಎಂದು ಹೇಳಬೇಕು. ಯಾರ ಹೆಸರು ಬರುತ್ತದೋ ಗೊತ್ತಿಲ್ಲವಾದ್ದರಿಂದ ತಂಡದ ಜಾಣ ಹುಡುಗಿ ತಂಡದ ಹಿಂದುಳಿದವನಿಗೆ ಆ ಎರಡು ನಿಮಿಷದಲ್ಲಿ ಕಲಿಸಲೇಬೇಕು. ನಾನು ಅರ್ಧ ಗಂಟೆಯಲ್ಲಿ ಕಲಿಸಲಾಗದ್ದನ್ನು ಅವಳು ಕಲಿಸುವುದನ್ನು ಕಂಡಿದ್ದೇನೆ. ಮಕ್ಕಳ ಭಾಷೆಯೇ ಬೇರೆ.

ಇನ್ನು ಪ್ರಶ್ನೆ ಮಾಡುವ ಬಗೆ. ಎಲ್ಲಕ್ಕಿಂತ ಹೆಚ್ಚು ಶ್ರಮ ಇಲ್ಲಿಯೇ. ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸು ಎಂದರೆ ಕಣ್ಣು ಮುಚ್ಚಿ ಗೀಚಿದರೂ ಇಪ್ಪತ್ತರಲ್ಲಿ ಸುಮಾರು ಐದು ಸರಿಯಾಗುತ್ತವೆ. ಈಗ ಮೊಬೈಲಿನಲ್ಲಿ ಇಂಥ ರಸಪ್ರಶ್ನೆಯ ಆ್ಯಪ್‌ಗಳು ಬಹಳ. ಬಣ್ಣ ಇದೆ, ಸಂಗೀತ ಇದೆ, ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಬಳಸಬಾರದೆಂದಲ್ಲ. ಆದರೆ ಬೇಗ ಒತ್ತುವ ಬೆರಳು ಬೇರೆ, ಬಿಡಿಸುವ ಬುದ್ಧಿ ಬೇರೆ. ಆಯ್ಕೆಗಳನ್ನು ಕೊಡುವುದಾದರೆ ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಬಾರದು. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಿಂದಲೇ ತೆಗೆಯಬೇಕು.

ಒಂದು ಉದಾಹರಣೆ. ಗೊತ್ತಿಲ್ಲದ ಸಂಖ್ಯೆಗೆ ಕ್ಷ ಎನ್ನುತ್ತೇನೆ, ಮಕ್ಕಳು ಅದನ್ನು ಎಕ್ಸ್ ಎಂದುಕೊಳ್ಳಲಿ. ಭಾಸ್ಕರರ ಕಾಲದಲ್ಲಿ ಅದಕ್ಕೆ ಯಾವತ್ತಾವತ್ ಎನ್ನುತ್ತಿದ್ದರು, ಎಷ್ಟೋ ಅಷ್ಟು ಎಂದರ್ಥ. ಎರಡನೆಯ ಅಜ್ಞಾತ ಬಂದರೆ ಕಾಲಕ, ನೀಲಕ ಎಂದು ಬಣ್ಣದ ಹೆಸರು. ಇರಲಿ. ಪ್ರಶ್ನೆ ಇದು: 5 − 2(ಕ್ಷ − 3) ಇದನ್ನು ಸರಳಗೊಳಿಸಿ. ಆಯ್ಕೆಗಳು ನಾಲ್ಕು: 11 − 2ಕ್ಷ, −1 − 2ಕ್ಷ, 3ಕ್ಷ − 9, 2 − 2ಕ್ಷ.

ಸರಿಯುತ್ತರ 11 − 2ಕ್ಷ. ಈಗ ತಪ್ಪುಗಳನ್ನು ನೋಡಿ. −1 − 2ಕ್ಷ ಎಂದವನಿಗೆ ಆವರಣ ಬಿಡಿಸುವುದು ಬರುತ್ತದೆ, ಆದರೆ ಋಣ 2ನ್ನು ಋಣ 3ರಿಂದ ಗುಣಿಸಿದಾಗ ಧನ 6 ಆಗುತ್ತದೆಂಬುದನ್ನು ಮರೆತಿದ್ದಾನೆ. 3ಕ್ಷ − 9 ಎಂದವಳು 5ರಿಂದ 2ನ್ನು ಮೊದಲೇ ಕಳೆದುಬಿಟ್ಟಿದ್ದಾಳೆ. ಅವಳಿಗೆ ಆವರಣದ ಪಾಠ ಬೇಡ, ಯಾವುದು ಮೊದಲು ಯಾವುದು ಆಮೇಲೆ ಎಂಬ ಪಾಠ ಬೇಕು. 2 − 2ಕ್ಷ ಎಂದವನು ಆವರಣದ ಮೊದಲ ಪದಕ್ಕೆ ಮಾತ್ರ ಗುಣಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದಾನೆ. ಮೂವರಿಗೂ ತಪ್ಪು ಎಂದು ಒಂದೇ ಕೆಂಪು ಗೀಟು ಹಾಕಿದರೆ ಮೂರು ಬೇರೆ ಬೇರೆ ಕಾಯಿಲೆಗೆ ಒಂದೇ ಮಾತ್ರೆ ಕೊಟ್ಟಂತೆ. ನಮ್ಮ ಶಾಲೆಗಳಲ್ಲಿ ಮಾಸ್ತರರಿಗೆ ಅರವತ್ತು ಮಕ್ಕಳ ಪುಸ್ತಕ ತಿದ್ದುವುದಿರುತ್ತದೆ, ಅವರನ್ನು ದೂರುವಂತಿಲ್ಲ. ಭಾನುವಾರ ಬಿಡುವಾಗಿರುವ ನಮ್ಮಂಥ ನಿವೃತ್ತರು ಮಾಡಬಹುದಾದ ಕೆಲಸ ಇದು.

ಎರಡನೆಯ ಬಗೆಯ ಕಾರ್ಡಿನಲ್ಲಿ ಪೂರ್ತಿ ಬಿಡಿಸಿದ ಲೆಕ್ಕ ಇರುತ್ತದೆ, ಅದರಲ್ಲೊಂದು ತಪ್ಪು ಇರುತ್ತದೆ. ಹುಡುಕಬೇಕು. ಉದಾಹರಣೆಗೆ ಕ್ಷ² = 5ಕ್ಷ, ಎರಡೂ ಕಡೆ ಕ್ಷದಿಂದ ಭಾಗಿಸಿ ಕ್ಷ = 5. ನೋಡಲು ಎಲ್ಲ ಸರಿಯಾಗಿದೆ. ಆದರೆ ಕ್ಷ ಸೊನ್ನೆಯೂ ಆಗಬಹುದಿತ್ತು, ಭಾಗಿಸುವಾಗ ಅದು ಕೈಬಿಟ್ಟಿತು. ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದು ಬಾಯಿಪಾಠ ಇರುವ ಮಕ್ಕಳು ಇದನ್ನು ಹಿಡಿಯಲು ಒದ್ದಾಡುತ್ತಾರೆ. ಕಂಡುಹಿಡಿದ ದಿನ ಅವರ ಮುಖ ನೋಡಬೇಕು.

ಎರಡು ಸಂಖ್ಯೆಗಳನ್ನು ಕೂಡಿ ವರ್ಗ ಮಾಡುವುದೂ ಹಾಗೆಯೇ. ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರಾಯಿತು ಎಂದು ಅರ್ಧ ತರಗತಿ ನಂಬಿರುತ್ತದೆ. ವಾದ ಬೇಡ, 3 ಮತ್ತು 4 ಹಾಕಿ ನೋಡಿ ಎನ್ನುತ್ತೇನೆ. ಕೂಡಿ ವರ್ಗ ಮಾಡಿದರೆ 49, ಬೇರೆ ಬೇರೆ ಮಾಡಿ ಕೂಡಿಸಿದರೆ 25. ಉಳಿದ 24 ಎಲ್ಲಿ ಹೋಯಿತು? ಅಂಗಳದ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ಏಳು ಕಲ್ಲು ಉದ್ದ, ಏಳು ಕಲ್ಲು ಅಗಲದ ಚೌಕ ಗುರುತು ಹಾಕಿಸಿ, ಮೂರರ ಚೌಕ ಒಂದು ಮೂಲೆಗೆ, ನಾಲ್ಕರ ಚೌಕ ಎದುರು ಮೂಲೆಗೆ ತೆಗೆಸಿದರೆ, ಉಳಿದ ಎರಡು ಪಟ್ಟಿಗಳಲ್ಲಿ ಹನ್ನೆರಡು ಹನ್ನೆರಡು ಕಲ್ಲು. ಅದನ್ನು ಕಾಲಿನಿಂದ ತುಳಿದು ಎಣಿಸಿದ ಮಗು ಮತ್ತೆ ಮರೆಯುವುದಿಲ್ಲ.

ಇನ್ನೊಂದು ಮಾತು, ಪಕ್ಷಾಂತರದ ಬಗ್ಗೆ. ಸಮೀಕರಣದಲ್ಲಿ ಒಂದು ಪದ ಈ ಕಡೆಯಿಂದ ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ ಎಂದು ಕಲಿಸುತ್ತೇವೆ. ನಮ್ಮ ರಾಜಕಾರಣಿಗಳ ಪಕ್ಷಾಂತರದಲ್ಲೂ ಚಿಹ್ನೆ ಬದಲಾಗುತ್ತದಾದ್ದರಿಂದ ಮಕ್ಕಳಿಗೆ ಇದು ಬೇಗ ನೆನಪಿನಲ್ಲಿ ಕೂರುತ್ತದೆ, ಕೂತಷ್ಟೇ ಕೆಡಿಸುತ್ತದೆ. 3ಕ್ಷ = 12 ಎಂದು ಕೊಟ್ಟರೆ 3 ಆ ಕಡೆ ಹೋಗಿ ಮೈನಸ್ ಆಯಿತು ಎಂದು ಕ್ಷ = 9 ಎನ್ನುತ್ತಾರೆ. ಯಾವ ಪದವೂ ಎಲ್ಲಿಗೂ ಹೋಗುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ಕೆಲಸ ಮಾಡುತ್ತೇವೆ, ಅಷ್ಟೇ. ನಮ್ಮ ಆಟದಲ್ಲಿ "ಆ ಕಡೆ ಹೋಯ್ತು" ಎಂದು ಹೇಳಿದರೆ ಅಂಕವಿಲ್ಲ, "ಎರಡೂ ಕಡೆ ಭಾಗಿಸಿದೆ" ಎನ್ನಬೇಕು.

ಮಾತಿನ ಲೆಕ್ಕಗಳಿಗೆ ಪುಸ್ತಕದ ದೋಣಿ, ರೈಲು ಬಿಟ್ಟು ನಮ್ಮ ಪೇಟೆಗೆ ಬಂದೆವು. ಎರಡು ಪ್ಲೇಟ್ ಗಿರ್ಮಿಟ್, ಮೂರು ಚಹಾ, ಒಟ್ಟು 90 ರೂಪಾಯಿ. ಒಂದು ಗಿರ್ಮಿಟ್, ಎರಡು ಚಹಾ, 50 ರೂಪಾಯಿ. ಬೆಲೆ ಎಷ್ಟೆಷ್ಟು? ಹಿರಿಯರು ಮನಸ್ಸಿನಲ್ಲಿ ಬಿಡಿಸುತ್ತಿರಿ, ಮುಗಿಸುವ ಮೊದಲು ಕೇಳುತ್ತೇನೆ.

ಕಾರ್ಡುಗಳನ್ನು ಇಡುವುದಕ್ಕೆ ಮೂರು ಪೇಡಾ ಡಬ್ಬಿಗಳಿವೆ. ಖಾಲಿಯವು, ಮಕ್ಕಳು ನಿರಾಸೆಯಾಗಬಾರದು. ಈ ಪದ್ಧತಿಯನ್ನು ಜರ್ಮನ್ ಭಾಷೆಯಲ್ಲಿ ಬರೆದ ಲೈಟ್ನರ್ ಎಂಬವರು 1972ರ ಒಂದು ಪುಸ್ತಕದಲ್ಲಿ ಜನಪ್ರಿಯಗೊಳಿಸಿದರು, ನಾನು ಡಬ್ಬಿ ಮಾತ್ರ ಬದಲಾಯಿಸಿದ್ದೇನೆ. ಎಲ್ಲ ಕಾರ್ಡೂ ಮೊದಲು ಒಂದನೆಯ ಡಬ್ಬಿಯಲ್ಲಿ. ಸರಿಯಾಗಿ ಬಿಡಿಸಿದ ಕಾರ್ಡು ಎರಡನೆಯದಕ್ಕೆ, ಮತ್ತೆ ಸರಿಯಾದರೆ ಮೂರನೆಯದಕ್ಕೆ. ಎಲ್ಲಿ ತಪ್ಪಿದರೂ ವಾಪಸ್ ಒಂದನೆಯದಕ್ಕೆ. ಮೊದಲ ಡಬ್ಬಿಯನ್ನು ದಿನಾ ಸಂಜೆ ಪ್ರಾರ್ಥನೆಯ ನಂತರ ಕಾಲು ಗಂಟೆ ತೆಗೆಯುತ್ತಾರೆ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ಭಾನುವಾರ. ಬಂದದ್ದನ್ನೇ ತಿರುಗಿ ಮಾಡುವ ಸುಖಕ್ಕೆ ಇಲ್ಲಿ ಜಾಗವಿಲ್ಲ, ಬಾರದ್ದು ಮತ್ತೆ ಮತ್ತೆ ಕೈಗೆ ಬರುತ್ತದೆ. ಜೊತೆಗೆ ಅಪವರ್ತನ, ಸಮೀಕರಣ, ಶ್ರೇಢಿ ಎಲ್ಲ ಕಲಸಿರುತ್ತವೆ. ಪಾಠದ ಕೊನೆಯ ಅಭ್ಯಾಸದಲ್ಲಿ ಇಪ್ಪತ್ತೂ ಒಂದೇ ಜಾತಿಯ ಲೆಕ್ಕ, ಯಾವ ಸೂತ್ರ ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ಪರೀಕ್ಷೆಯಲ್ಲಿ ಆ ಯೋಚನೆಯೇ ಮುಖ್ಯ.

ಪಾತ್ರೆ ತಿಕ್ಕುತ್ತಿದ್ದ ಹುಡುಗನ ಕಥೆ ಬಿಟ್ಟೆ. ಅವನನ್ನು ನಾನೇ ಹೋಗಿ ಕರೆದೆ. "ಬರಂಗಿಲ್ರಿ ಸರ" ಎಂದ. ತಪ್ಪು ನನ್ನದು, ನಿಯಮ ಬದಲಾಯಿಸಿದ್ದೇನೆ, ಬಂದು ನೋಡಿ ಹೇಳು ಎಂದೆ. ಬಂದ, ಎರಡು ವಾರ ಸುಮ್ಮನೆ ಕೂತ. ಮೂರನೆಯ ವಾರ, ತಪ್ಪು ಹುಡುಕುವ ಕಾರ್ಡುಗಳನ್ನು ತಾನು ಬರೆದುಕೊಡಲೇ ಎಂದು ಕೇಳಿದ. ಬರೆದ ಹತ್ತು ಕಾರ್ಡುಗಳಲ್ಲಿ ಎರಡು ಅಂಥವು, ನನಗೇ ತಕ್ಷಣ ತಪ್ಪು ಕಾಣಲಿಲ್ಲ. ಅಷ್ಟೊಂದು ತಪ್ಪು ಮಾಡಿದವನಿಗೆ ತಪ್ಪು ಎಲ್ಲಿ ಅಡಗಿರುತ್ತದೆ ಎಂದು ಗೊತ್ತಿತ್ತು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮೊದಲ ಸಲ ಗಣಿತ ಪಾಸಾಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ, ನಾವು ಬಹಳ ತಡವಾಗಿ ಶುರು ಮಾಡಿದ್ದೆವು. ಪೂರಕ ಪರೀಕ್ಷೆಯಲ್ಲಿ ಪಾಸಾದ. ಈಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್. ಮೊನ್ನೆ ಫೋನು ಮಾಡಿ, "ಸರ, ಓಮ್‌ನ ನಿಯಮ ಅಂದ್ರ ನಮ್ಮ ಕಾರ್ಡಿನ ಲೆಕ್ಕಾನ ಐತ್ರಿ, ಎರಡೂ ಕಡೆ ಭಾಗಿಸಿದ್ರಾತು" ಎಂದ.

ಈಗ ನಮ್ಮ ಹತ್ತಿರ ನಾಲ್ಕು ನೂರಕ್ಕೂ ಹೆಚ್ಚು ಕಾರ್ಡುಗಳಿವೆ, ಅರ್ಧಕ್ಕಿಂತ ಹೆಚ್ಚು ಮಕ್ಕಳೇ ಬರೆದವು. ಬೇರೆ ಮಠಗಳ ನಿಲಯಗಳಿಂದ ಬಂದವರು ನಕಲು ಮಾಡಿಕೊಂಡು ಹೋಗಬಹುದು. ಆದರೆ ಅಲ್ಲಿನ ಮಕ್ಕಳು ಮಾಡುವ ತಪ್ಪು ನೋಡಿ ಹೊಸ ಕಾರ್ಡು ಬರೆಸಿರಿ, ನಮ್ಮವನ್ನೇ ನೆಚ್ಚಬೇಡಿ. ನಿವೃತ್ತ ಮಾಸ್ತರರು, ಬ್ಯಾಂಕಿನವರು, ಇಂಜಿನಿಯರುಗಳು ಈ ಸಭೆಯಲ್ಲೇ ಏಳೆಂಟು ಜನ ಕಾಣುತ್ತಿದ್ದೀರಿ. ವಾರಕ್ಕೆ ಒಂದೂವರೆ ಗಂಟೆ. ಗಣಿತ ಮರೆತಿದೆ ಎನ್ನುವವರಿಗೆ ಒಂದನೆಯ ಡಬ್ಬಿಯಿಂದಲೇ ಶುರು ಮಾಡಲು ಅವಕಾಶವಿದೆ. ಎಲ್ಲರ ಮನೆಯಲ್ಲೂ ಹಳೆಯ ಲಗ್ನಪತ್ರಿಕೆ ಇರುತ್ತವೆ, ಮುಂದಿನ ತಿಂಗಳು ಬರುವಾಗ ತನ್ನಿರಿ.

ಗಿರ್ಮಿಟ್ ಲೆಕ್ಕ ಯಾರಿಗೆ ಬಂತು? ಹಿಂದಿನ ಸಾಲಿನಿಂದ ಕೈ ಎತ್ತಬೇಡಿರಿ, ನಿಮಗೆ ಗೊತ್ತಿದೆ. ಮುಂದಿನ ಸಾಲಿನವರನ್ನು ಕೇಳುತ್ತಿದ್ದೇನೆ. ಎರಡನೆಯ ಬಿಲ್ಲನ್ನು ಇಮ್ಮಡಿ ಮಾಡಿಕೊಳ್ಳಿ. ಎರಡು ಗಿರ್ಮಿಟ್, ನಾಲ್ಕು ಚಹಾ, 100 ರೂಪಾಯಿ. ಅದರಿಂದ ಮೊದಲಿನ ಬಿಲ್ಲು ಕಳೆದರೆ ಉಳಿಯುವುದು ಒಂದು ಚಹಾ... ತಾಯಿಯವರು ಸರಿಯಾಗಿ ಹೇಳಿದರು, ಚಹಾ 10, ಗಿರ್ಮಿಟ್ 30. ಹೇಗೆ ಬಂತು ಎಂದು ಎದ್ದು ನಿಂತು ಹೇಳಬೇಕಾಗುತ್ತದೆ, ನಿಯಮ ಎಲ್ಲರಿಗೂ ಒಂದೇ. ಅಷ್ಟರಲ್ಲಿ ಗಂಟೆ ಆಯಿತು, ಪ್ರಸಾದಕ್ಕೆ ಏಳೋಣ.